ಅಮಾವಾಸ್ಯೆಯ ಬಾಟಲಿ

ಸಂಡೂರಿನ ಪಕೀರಪ್ಪನಿಗೆ ಗಾಡಿಯ ಮೇಲಿದ್ದ ಭಕ್ತಿ ದೇವರ ಮೇಲೂ ಇರಲಿಲ್ಲ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವವರಿಗೇನು ಹೋಗುತ್ತದೆ? ಅವನ ಹೆಂಡತಿ ಯಮನಮ್ಮನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಅವಳನ್ನು ಡಯಾಲಿಸಿಸ್‌ಗೆಂದು ಹೊಸಪೇಟೆಗೆ ಕರೆದೊಯ್ಯಬೇಕು. ರಕ್ತ ತೊಳೆಸಿಕೊಂಡು ಬಂದವಳು ಬಸ್ಸಿನ ನೂಕುನುಗ್ಗಲಿನಲ್ಲಿ ನಿಲ್ಲುವುದುಂಟೆ? ಉಳಿದ ದಿನ ಅಕ್ಕಿ ಮೂಟೆ, ಸಿಮೆಂಟು ಹೊರುತ್ತಿದ್ದ ಆ ಪುಟ್ಟ ಗೂಡ್ಸ್ ಗಾಡಿಯೇ ಅವಳನ್ನು ಬದುಕಿಸಿಟ್ಟಿತ್ತು. ಅದು ನಿಂತರೆ ಅವಳ ಗತಿಯೇನು ಎಂಬುದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ಅದಿರಿನ ಕೆಂಪು ಧೂಳು ಕುಡಿದೂ ಕುಡಿದೂ ಒಮ್ಮೆ ಇಂಜಿನ್ ಒಳಗಿನಿಂದ ಟಕಟಕ ಎನ್ನತೊಡಗಿತು. ಹೊಸಪೇಟೆಯ ಮೆಕ್ಯಾನಿಕ್ ಕೊಟ್ರಯ್ಯ ಬಾನೆಟ್ಟಿಗೆ ಕಿವಿಗೊಟ್ಟು ಕೇಳಿದ.

“ಬಿಚ್ಚಬೇಕು ಪಕೀರಪ್ಪ. ಒಂದು ವಾರ ಬಿಟ್ಟು ಹೋಗು.”

“ವಾರ ಬಿಟ್ರ ಇಕೀನ ಎದರಾಗ ತರ್ಲಿ?”

“ಯಾರದರ ಗಾಡಿ ಕೇಳು. ಒಂದು ವಾರದ ಮಾತು, ಇಲ್ಲ ಅಂತಾರೇನು?”

ಯಾರೂ ಇಲ್ಲ ಎನ್ನುತ್ತಿರಲಿಲ್ಲ. ಆದರೆ ಹುಟ್ಟಿದಾಗಿನಿಂದ ಒಬ್ಬರ ಮುಂದೆ ಕೈಯೊಡ್ಡಿದವನಲ್ಲ ಪಕೀರಪ್ಪ. ಆ ಬಿಗುಮಾನಕ್ಕೆ ಬೆಂಕಿ ಬೀಳಲಿ ಎಂದು ಈಗ ಬೈಯಬಹುದು, ಆಗ ಅದು ಮರ್ಯಾದೆ ಅನ್ನಿಸಿತ್ತು. ನೋಡೋಣ ಎಂದು ಗ್ಯಾರೇಜಿನಿಂದ ಎದ್ದು ಬಂದ.

ಬಸ್ ನಿಲ್ದಾಣದ ಹತ್ತಿರ ಬಸವಕುಮಾರನ ಬಿಡಿಭಾಗಗಳ ಅಂಗಡಿ. ಅಲ್ಲಿ ಪಕೀರಪ್ಪನ ಕೈಗೆ ಒಂದು ಬಂಗಾರ ಬಣ್ಣದ ಬಾಟಲಿ ಬಂತು. “ಆಯಿಲ್ ಜೊತಿ ಹಾಕಣ್ಣ. ಇಂಜಿನ್‌ಗೆ ಟಾನಿಕ್ ಇದ್ದಂಗ. ಬಿಚ್ಚೋದು ಗಿಚ್ಚೋದು ಏನೂ ಬ್ಯಾಡ,” ಎಂದ ಬಸವಕುಮಾರ. ಅಂಗಡಿ ಮುಂದೆಯೇ ಸುರಿದಾಯಿತು. ಜೇನುತುಪ್ಪದಷ್ಟು ಗಟ್ಟಿ ದ್ರವ. ಹೊಸಪೇಟೆ ದಾಟುವಷ್ಟರಲ್ಲಿ ಟಕಟಕ ಸದ್ದು ಅಡಗಿತು. ಪಕೀರಪ್ಪನಿಗೆ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ಒರಗಿದ್ದ ಯಮನಮ್ಮ, “ಈಗ ಮೈ ನೋವು ಹೋತು ನೋಡ್ರಿ ಅದಕ್ಕ,” ಎಂದಳು.

ನಮ್ಮ ಕಡೆ ಗಾಡಿ ಇಟ್ಟವರು ಅಮಾವಾಸ್ಯೆ ಬಂದರೆ ಗಾಡಿ ತೊಳೆದು, ಕರ್ಪೂರ ಬೆಳಗಿ, ಗಾಲಿಯಡಿ ನಿಂಬೆಹಣ್ಣು ಇಟ್ಟು ಹಾಯಿಸುತ್ತಾರೆ. ಪಕೀರಪ್ಪನ ಮನೆಯಲ್ಲಿ ಆ ಪೂಜೆಗೆ ಬಾಟಲಿಯೂ ಸೇರಿಕೊಂಡಿತು. ಯಮನಮ್ಮ ಮಂಚದ ಮೇಲೆ ಕುಳಿತೇ ಅದರ ಮುಚ್ಚಳಕ್ಕೆ ಕುಂಕುಮ ಹಚ್ಚಿ ಕೊಡುವಳು, ಇವನು ತೀರ್ಥದ ಹಾಗೆ ಇಂಜಿನ್‌ಗೆ ಸುರಿಯುವನು. ವರ್ಷಕ್ಕೊಮ್ಮೆ ಸಾಕೆಂದು ಬಾಟಲಿಯ ಮೇಲೆಯೇ ಬರೆದಿತ್ತು. “ಇನ್ನೊಂಚೂರು ಹಾಕ್ರಿ, ಕಡಿಮಿ ಬೀಳೋದು ಬ್ಯಾಡ,” ಎನ್ನುವಳು ಅವಳು. ಇಷ್ಟು ಟಾನಿಕ್ ಬೀಳುವಾಗ ಹಳೆ ಆಯಿಲ್ ಯಾಕೆ ಬದಲಿಸಬೇಕೆಂದು ಅದನ್ನೂ ಕೈಬಿಟ್ಟ.

ಒಮ್ಮೆ ಚಹಾದಂಗಡಿಯಲ್ಲಿ ಸಿಕ್ಕ ಕೊಟ್ರಯ್ಯ ವಿಷಯ ಕೇಳಿ ತಲೆ ಚಚ್ಚಿಕೊಂಡ. “ಇಂಜಿನ್‌ಗೆ ಬೇಕಾದ್ದು ಒಳ್ಳೆ ಆಯಿಲ್‌ನಾಗ ಮೊದ್ಲ ಕೂಡಿಸಿರ್ತಾರ. ಚಲೋ ಇಂಜಿನ್‌ಗೆ ಇದು ಬೇಕಾಗಿಲ್ಲ, ಸವೆದಿದ್ದು ಇದರಿಂದ ರಿಪೇರಿ ಆಗಲ್ಲ. ಸದ್ದು ಮುಚ್ಚಿ ಹೋಗ್ಯದ, ರೋಗ ಹಂಗ ಅದ.” ಕೊಟ್ರಯ್ಯನಿಗೆ ಬಿಚ್ಚುವ ಕೂಲಿ ತಪ್ಪಿತೆಂದು ಹೊಟ್ಟೆಯುರಿ ಅಂದುಕೊಂಡ ಪಕೀರಪ್ಪ.

ಬೇಸಿಗೆಯ ಒಂದು ಬೆಳಿಗ್ಗೆ ಯಮನಮ್ಮನಿಗೆ ಉಸಿರು ಹಿಡಿಯಿತು. ಕಾಲು ಬಾತಿದ್ದವು, ಮಾತು ತುಂಡು ತುಂಡಾಗಿ ಬರುತ್ತಿತ್ತು. ಸರದಿಯ ದಿನ ಅಲ್ಲದಿದ್ದರೂ ಪಕೀರಪ್ಪ ಅವಳನ್ನು ಎತ್ತಿ ಕೂರಿಸಿ ಹೊರಟ. ಘಾಟಿನ ಏರಿನಲ್ಲಿ ಆಯಿಲ್‌ನ ಕೆಂಪು ದೀಪ ಹೊತ್ತಿತು. ನಿಲ್ಲಿಸಿದರೆ ಅವಳು ಉಳಿಯಲಾರಳು, ನಿಲ್ಲಿಸದಿದ್ದರೆ ಇಂಜಿನ್ ಉಳಿಯದು. ಅವನು ಓಡಿಸಿದ. ಸ್ವಲ್ಪ ದೂರದಲ್ಲೇ ಒಳಗೆ ಏನೋ ಕಚ್ಚಿಕೊಂಡಂತಾಗಿ ಗಾಡಿ ನಿಂತೇಬಿಟ್ಟಿತು. ಕೀಲಿ ತಿರುಗಿಸಿದರೆ ಕಟ್ ಎಂಬ ಸದ್ದಷ್ಟೇ.

ಯಮನಮ್ಮ ಅವನ ತೋಳು ಹಿಡಿದು ಕೇಳಿದಳು. “ಬಾಟಲಿ... ಹಾಕಿರ್ಲಿಲ್ಲೇನ್ರಿ?”

“ಹಾಕೀನಿ,” ಎಂದ.

“ಹಂಗಾದ್ರ... ಶುರು ಆಗತದ, ತಡೀರಿ.”

ಅವನು ಆಂಬುಲೆನ್ಸಿಗೆ ಫೋನು ಹಚ್ಚಿದ, ರಸ್ತೆಗಿಳಿದು ಕಂಡಕಂಡ ಗಾಡಿಗೆ ಕೈಯೊಡ್ಡಿದ. ಅದಿರಿನ ಲಾರಿಯವನೊಬ್ಬ ನಿಲ್ಲಿಸಿ ಓಡಿಬಂದ. ಇಬ್ಬರೂ ಸೇರಿ ಅವಳನ್ನು ಅಷ್ಟೆತ್ತರದ ಕ್ಯಾಬಿನ್ನಿಗೆ ಏರಿಸಿದರು. ಆಸ್ಪತ್ರೆಯ ಬಾಗಿಲಲ್ಲಿ ನಾಡಿ ಹಿಡಿದ ಡಾಕ್ಟರು ಮೆಲ್ಲಗೆ ಅವಳ ಕೈ ಕೆಳಗಿಟ್ಟರು.

ದಿನಗಳು ಕಳೆದ ಮೇಲೆ ಕೊಟ್ರಯ್ಯ ಇಂಜಿನ್ ಬಿಚ್ಚಿದ. ಹಳೆ ಆಯಿಲ್ ಟಾನಿಕ್ ಜೊತೆ ಕೂಡಿ, ಆಯಿಲ್ ಹೀರುವ ಜಾಲರಿಗೆ ಕಾಕಂಬಿಯಂಥ ಕಪ್ಪು ಜಿಗಟಾಗಿ ಮೆತ್ತಿಕೊಂಡು ತೂತುಗಳೇ ಕಾಣುತ್ತಿರಲಿಲ್ಲ. ಪಕೀರಪ್ಪ ಅದನ್ನು ಬೆರಳಿನಿಂದ ಮುಟ್ಟಿ ನೋಡಿದ.

“ಅವತ್ತ ನಿನ್ನ ಮಾತು ಕೇಳಿದ್ರ ಉಳೀತಿದ್ಲೇನು ಕೊಟ್ರಯ್ಯ?”

ಕೊಟ್ರಯ್ಯ ಕೈ ಒರೆಸಿಕೊಳ್ಳುತ್ತ ಬೇರೆಲ್ಲೋ ನೋಡಿದ. “ಇಂಜಿನ್ ಉಳೀತಿತ್ತು,” ಎಂದ.

ಮನೆಗೆ ಬಂದರೆ ದೇವರ ಜಗಲಿಯ ಮೇಲೆ ಹೊಸ ಬಾಟಲಿಯೊಂದಿತ್ತು. ಮುಂದಿನ ಅಮಾವಾಸ್ಯೆಗೆಂದು ಯಮನಮ್ಮ ಮೊದಲೇ ಕುಂಕುಮ ಹಚ್ಚಿ ಇಟ್ಟಿದ್ದಳು. ಪಕೀರಪ್ಪ ಒಳಗಿದ್ದುದನ್ನೆಲ್ಲ ಬಚ್ಚಲಿಗೆ ಸುರಿದ. ಕುಂಕುಮಕ್ಕೆ ನೀರು ತಾಗದ ಹಾಗೆ ಮುಚ್ಚಳ ಹಾಕಿ, ಖಾಲಿ ಬಾಟಲಿಯನ್ನು ಅವಳು ಇಟ್ಟ ಜಾಗದಲ್ಲೇ ಇಟ್ಟ.