ಡ್ರಮ್ಮಿಗೆ ಗಾಳಿ ಹೊಡೆಯುತ್ತಿದ್ದ ಅಕ್ಕ

ಮೊನ್ನೆ ಮಗಳ ಮನೆಯಲ್ಲಿ ಮೀನಿನ ತೊಟ್ಟಿಯ ಪಕ್ಕ ಕೂತಿದ್ದೆ. ತಳದ ಸಣ್ಣ ಕೊಳವೆಯಿಂದ ಗುಳ್ಳೆಗಳು ಎದ್ದು, ಮೇಲೆ ಬಂದು ಒಡೆಯುತ್ತಿದ್ದವು. ಆ ಗುಳುಗುಳು ಸದ್ದಿಗೆ ಶೀಳನೆರೆಯ ನಮ್ಮ ಪಕ್ಕದ ಮನೆಯ ಅಕ್ಕ ನೆನಪಾದರು...

ನಾನು ಮದುವೆಯಾಗಿ ಆ ಊರಿಗೆ ಹೋದದ್ದು ಅರವತ್ತರ ದಶಕದಲ್ಲಿ. ಅಕ್ಕ ಮತ್ತು ಅವರ ಗಂಡ ಕೆರೆಯ ಕೆಳಗೆ ಒಂದು ವೀಳ್ಯದೆಲೆ ತೋಟ ಮಾಡಿಕೊಂಡಿದ್ದರು. ಅವರ ಮನೆತನದಲ್ಲಿ ಹೆಂಗಸರು ಎಲೆತೋಟದೊಳಗೆ ಕಾಲಿಡುವಂತಿರಲಿಲ್ಲ. ಇಟ್ಟರೆ ಬಳ್ಳಿ ಒಣಗುತ್ತದೆ ಎಂಬ ನಂಬಿಕೆ. ಹಾಗಾಗಿ ಅಕ್ಕನ ಕೆಲಸವೆಲ್ಲ ಬೇಲಿಯ ಹೊರಗೆ, ಒಂದು ಹಳೆಯ ಡ್ರಮ್ಮಿನ ಬಳಿ.

ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಗೋಣಿಯಲ್ಲಿ ಕಟ್ಟಿ, ಚೂರು ಬೆಲ್ಲದ ಜೊತೆ ಡ್ರಮ್ಮಿನ ನೀರಿಗೆ ಇಳಿಬಿಡುತ್ತಿದ್ದರು. ಹಿಂದಿನ ವರ್ಷ ಸೊಳ್ಳೆ ಬರುತ್ತದೆಂದು ಡ್ರಮ್ಮಿನ ಬಾಯಿ ಬಿಗಿಯಾಗಿ ಮುಚ್ಚಿಟ್ಟು, ಕೊಳೆತು ನಾರುವ ಆ ಗೊಬ್ಬರದ ನೀರನ್ನೇ ಬುಡಕ್ಕೆ ಹಾಕಿದ್ದರಿಂದ ಒಂದು ಸಾಲು ಬಳ್ಳಿ ಸತ್ತಿತ್ತು. ಹೊಸದಾಗಿ ನೆಟ್ಟ ಸಾಲೂ ಉಳಿಯದಿದ್ದರೆ ತೋಟ ಕಿತ್ತು ಕಬ್ಬು ಹಾಕುವುದೆಂದು ಅಕ್ಕನ ಮೈದುನ ಹಟ ಹಿಡಿದಿದ್ದ. ಅದಕ್ಕೇ ಅವರ ಗಂಡ ಸೈಕಲ್ ಟ್ಯೂಬಿಗೆ ಸೂಜಿಯಲ್ಲಿ ತೂತು ಮಾಡಿ, ಕಲ್ಲು ಕಟ್ಟಿ, ಡ್ರಮ್ಮಿನ ತಳಕ್ಕೆ ಬಿಟ್ಟಿದ್ದರು. ಅದರ ಮೂತಿಗೆ ಪಂಪು ಸಿಕ್ಕಿಸಿ ಅಕ್ಕ ಬಿಡುವಾದಾಗಲೆಲ್ಲ ಗಾಳಿ ಹೊಡೆಯುತ್ತಿದ್ದರು. ಗಾಳಿಯಾಡಿದ ನೀರು ನಾರುತ್ತಿರಲಿಲ್ಲ. ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತಿತ್ತು.

ದಾರಿಯಲ್ಲಿ ಹೋಗುವವರು ಬಿಡುತ್ತಿರಲಿಲ್ಲ. "ಏನಕ್ಕಾ, ಡ್ರಮ್ಮು ಪಂಚರ್ ಆಗ್ಯದಾ?"

"ಊಂ ಕಣ್ಲಾ. ಬಾ, ನಿನ್ ತಲೇಗೂ ಒಸಿ ಗಾಳಿ ಒಡ್ದು ಕಳುಸ್ತೀನಿ."

ಒಂದು ಬೆಳಿಗ್ಗೆ ನಾನೂ ಅಲ್ಲಿದ್ದೆ. ಅವರ ಗಂಡ ಬಿಂದಿಗೆ ತುಂಬಿಕೊಂಡು ತೋಟದೊಳಗೆ ಹೋದರು. "ನಿಲ್ಲಿಸ್ಬ್ಯಾಡ ಕಣಮ್ಮಿ, ಬಂದೆ" ಎಂದದ್ದು ಕೇಳಿಸಿತು. ಅಕ್ಕ ಹೊಡೆಯುತ್ತಲೇ ಇದ್ದರು. ಗಂಡ ಬರಲಿಲ್ಲ. ಅಕ್ಕ ಕೂಗಿದರು, ಮತ್ತೆ ಕೂಗಿದರು.

ಪಂಪನ್ನು ನನ್ನ ಕೈಗೆ ಕೊಟ್ಟು, "ಒಸಿ ಒಡೀತಿರವ್ವಾ" ಎಂದರು. ಬೇಲಿಯ ಕಿಂಡಿಯಲ್ಲಿ ಒಂದು ಗಳಿಗೆ ನಿಂತರು. ಆಮೇಲೆ ಒಳಗೆ ಹೋದರು... ನಾನು ಹೊಡೆಯುತ್ತಿದ್ದೆ. ಗುಳ್ಳೆ ಏಳುತ್ತಿದ್ದವು.

ಹೊರಗೆ ಬಂದಾಗ ಅಕ್ಕನ ಕೈಯಲ್ಲಿ ಖಾಲಿ ಬಿಂದಿಗೆಯಿತ್ತು. ಅಳುತ್ತಿರಲಿಲ್ಲ.

"ನಿಲ್ಸ್ಬುಡವ್ವಾ" ಎಂದರು. "ಅವ್ರು ಏಳಕಿಲ್ಲ."

ಎದೆನೋವಂತೆ. ಗೊತ್ತಾದದ್ದು ಆಮೇಲೆ.

ತಿಥಿ ಮುಗಿದ ಮೇಲೆ ಮೈದುನ ಬಂದ. "ನೀವ್ ಕಾಲಿಟ್ಟಾಯ್ತು ಅತ್ಗೆ, ಇನ್ ಬಳ್ಳಿ ಉಳೀತದಾ? ಕಬ್ಬು ಆಕ್ಬುಡ್ತೀನಿ."

"ಒಣುಗ್ಲಿ ತಡಿಯಪ್ಪಾ. ಒಣುಗ್ದಾಗ ಆಕೀಯಂತೆ."

ಮಾರನೆಯ ದಿನ ಡ್ರಮ್ಮು ಮತ್ತೆ ತುಂಬಿತು. ಈಗ ಪಂಪೂ ಅವರದೇ, ಬಿಂದಿಗೆಯೂ ಅವರದೇ. ಗಾಳಿ ಹೊಡೆಯುವರು, ಚಪ್ಪಲಿ ಬಿಟ್ಟು ಒಳಗೆ ಹೋಗಿ ಬುಡಕ್ಕೆ ಹಾಕಿ ಬರುವರು. ಹೊಸ ಸಾಲು ಚಿಗುರಿತು. ಅದರ ಮೊದಲ ಕೊಯ್ಲಿನ ಎಲೆಯನ್ನು ಅಕ್ಕ ನನ್ನ ಮಡಿಲಿಗೆ ಹಾಕಿದರು. ಮೈದುನ ಕಬ್ಬಿನ ಮಾತೆತ್ತಲಿಲ್ಲ.

ಅಕ್ಕ ಹೋಗಿ ಎಷ್ಟೋ ವರ್ಷವಾಯಿತು. ತೋಟವೂ ಈಗಿಲ್ಲ.

ಮೊನ್ನೆ ನೋಡುತ್ತ ಕೂತಿದ್ದಂತೆಯೇ ಕರೆಂಟು ಹೋಯಿತು. ತೊಟ್ಟಿಯಲ್ಲಿ ಗುಳ್ಳೆ ನಿಂತವು. ನಾನು ಎದ್ದು ನಿಂತಿದ್ದೆ.

"ಏನಮ್ಮಾ?" ಎಂದಳು ಮಗಳು.

ಏನಿಲ್ಲ ಎಂದೆ. ಆದರೆ ಕರೆಂಟು ಬರುವವರೆಗೂ ನನಗೆ ಕೂರಲಾಗಲಿಲ್ಲ.