ಕನ್ನಡ ಅಂಕಿಯ ಕಾರು

ನಮ್ಮಪ್ಪ ಬಳ್ಳಾರಿಯಲ್ಲಿ ಡಾಕ್ಟರಾಗಿದ್ದ. ಹೆಸರುವಾಸಿ ಡಾಕ್ಟರೇನಲ್ಲ. ಕೋಟೆಗುಡ್ಡದ ಕೆಳಗೆ ಬಟ್ಟೆ ಅಂಗಡಿಯೊಂದರ ಪಕ್ಕದಲ್ಲಿ ಎರಡು ಕೋಣೆಯ ದವಾಖಾನೆ ಇಟ್ಟುಕೊಂಡಿದ್ದ. ಸೋಮವಾರ ಸಿರುಗುಪ್ಪ, ಗುರುವಾರ ಕುರುಗೋಡು, ಮಿಕ್ಕ ದಿನ ಊರಲ್ಲೇ. ಮೊದಲೆಲ್ಲ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಸಿರುಗುಪ್ಪದಿಂದ ಹೊರಡುವ ಕೊನೆಯ ಬಸ್ಸು ತಪ್ಪಿ, ಭತ್ತದ ಲಾರಿಯಲ್ಲಿ ಮೂಟೆಗಳ ಮೇಲೆ ಕೂತು ಬರುವುದು ಹೆಚ್ಚಾದ ಮೇಲೆ, ಯಾರೋ ಓಡಿಸಿ ಬಿಟ್ಟಿದ್ದ ಬೂದಿ ಬಣ್ಣದ ಫಿಯಟ್ ಕಾರೊಂದನ್ನು ಕೊಂಡ. ಅರವತ್ತರ ದಶಕದ ನಡುವಿನ ಮಾತು. ನಾನಿನ್ನೂ ಲಂಗ ತೊಟ್ಟು ಸಾಲಿಗೆ ಹೋಗುತ್ತಿದ್ದೆ.

ಆ ಕಾರಿನ ಮುಂದಿನ ನಂಬರ್ ಪ್ಲೇಟು ತುಕ್ಕು ಹಿಡಿದು ಅರ್ಧ ಉದುರಿತ್ತು. ಅಪ್ಪ ಬಂಪರಿಗೇ ಒಂದು ಹೊಸ ತಗಡನ್ನು ಬೆಸುಗೆ ಹಾಕಿಸಿಕೊಂಡು ಬಂದ. ಆಗೆಲ್ಲ ಮನೆಯ ಕಾರುಗಳಿಗೆ ಕಪ್ಪು ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆಯುತ್ತಿದ್ದರು. ಹಿಂದಿನ ನಂಬರು ಇಂಗ್ಲಿಷಿನಲ್ಲಿ ಮೊದಲಿನಿಂದಲೂ ಇತ್ತು. ಮುಂದಿನದನ್ನು ಅಪ್ಪ ಒಂದು ಭಾನುವಾರ ಅಂಗಳದಲ್ಲಿ ಚಾಪೆ ಹಾಸಿ, ಕಾರಿನೆದುರು ಚಕ್ಕಳಮಕ್ಕಳ ಹಾಕಿ ಕೂತು ತಾನೇ ಬರೆದ. ಅಕ್ಷರವೂ ಕನ್ನಡ, ಅಂಕಿಯೂ ಕನ್ನಡ.

ಅವ್ವ ಒಳಗಿನಿಂದ ಬಂದು ನೋಡಿ, "ಇದ್ಯಾಕ ಹಿಂಗ ಬರದೀರಿ?" ಅಂದಳು.

"ನನ್ನ ಕಾರಿನ ನಂಬರು ನನ್ನ ಹೇಣ್ತಿಗೆ ಓದಾಕ ಬರಬೇಕಲ್ಲ. ಓದು, ನೋಡೋಣ."

ಅವ್ವ ಸಿರುಗುಪ್ಪದ ಹೆಣ್ಣುಮಗಳು. ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟಿದ್ದಳು. ಅಂಗಡಿಯ ಚೀಟಿ, ಪಂಚಾಂಗ ಓದುವಷ್ಟು ಕನ್ನಡ ಬರುತ್ತಿತ್ತು. ಕನ್ನಡದ ಆರು ಮತ್ತು ಏಳು ಮಾತ್ರ ಆಕೆಗೆ ಯಾವಾಗಲೂ ಅದಲುಬದಲು. ಅವತ್ತೂ ಏಳನ್ನು ಆರೆಂದು ಓದಿದಳು. ಅಪ್ಪ ಬ್ರಷ್ ಹಿಡಿದುಕೊಂಡೇ ನಕ್ಕ. ಆಮೇಲೆ ದವಾಖಾನೆಗೆ ಹೊರಡುವಾಗ ದಿನವೂ "ನಂಬರು ಓದು, ಹೋಗತೀನಿ" ಎಂದು ಕಾಡುವುದು ರೂಢಿಯಾಯಿತು. ಅವ್ವ ಒಮ್ಮೊಮ್ಮೆ ಬೇಕೆಂದೇ ತಪ್ಪು ಓದುತ್ತಿದ್ದಳೇನೋ. ನನಗೆ ಹಾಗನಿಸುವುದು ಈಗ.

ಕುರುಗೋಡಿನ ಕಡೆ, ಸಿರುಗುಪ್ಪದ ದಾರಿಯ ತೆಕ್ಕಲಕೋಟೆಯ ಕಡೆ ಜನಕ್ಕೆ ಅಪ್ಪನ ಹೆಸರಿಗಿಂತ ಆ ಕಾರೇ ಹೆಚ್ಚು ಗೊತ್ತಾಯಿತು. ದೂರದಿಂದಲೇ ನಂಬರು ನೋಡಿ ಹೊಲದಿಂದ ಕೈ ಎತ್ತುತ್ತಿದ್ದರು. ಅಪ್ಪ ನಿಲ್ಲಿಸಿ, ರಸ್ತೆ ಬದಿಯಲ್ಲೇ ಮಗುವಿನ ಎದೆ ನೋಡಿ, ಗುಳಿಗೆ ಕೊಟ್ಟು ಮುಂದೆ ಹೋಗುತ್ತಿದ್ದ. ಪೊಲೀಸರು ಒಂದೆರಡು ಸಲ ತಡೆದು, "ಡಾಕ್ಟ್ರೇ, ಮುಂದನೂ ಇಂಗ್ಲಿಷಿನ್ಯಾಗ ಇರಬೇಕ್ರಿ" ಅಂದರಂತೆ. "ಬರಸ್ತೀನಿ" ಅಂದಿದ್ದನಂತೆ ಅಪ್ಪ. ಬರೆಸಲಿಲ್ಲ. ಅವರೂ ಒತ್ತಾಯ ಮಾಡಲಿಲ್ಲ.

ನಾನು ಕಾಲೇಜು ಸೇರಿದ ವರ್ಷ, ಒಂದು ಗುರುವಾರ, ಕುರುಗೋಡಿನಿಂದ ಬಳ್ಳಾರಿಗೆ ಬರುತ್ತಿದ್ದಾಗ ಅಪ್ಪನಿಗೆ ಎದೆನೋವು ಬಂತು. ಇನ್ನೂ ಕೋಳೂರು ಮುಟ್ಟಿರಲಿಲ್ಲ. ಕಾರನ್ನು ರಸ್ತೆಯಿಂದ ಕೆಳಗಿಳಿಸಿ, ಒಂದು ಹತ್ತಿ ಹೊಲದ ಬದುವಿಗೆ ನಿಲ್ಲಿಸಿದ್ದ. ಎಂಜಿನ್ ಆರಿಸಿದ್ದ. ಹ್ಯಾಂಡ್‌ಬ್ರೇಕ್ ಎಳೆದಿದ್ದ. ಎದುರಿನಿಂದ ಬಂದ ಬಸ್ಸಿನವರು ಪಂಕ್ಚರ್ ಆಗಿರಬೇಕೆಂದು ಮುಂದೆ ಹೋಗುವವರಿದ್ದರು. ಕಂಡಕ್ಟರ್ ನಂಬರು ನೋಡಿ, "ನಮ್ಮ ಡಾಕ್ಟ್ರ ಕಾರು, ನಿಲ್ಲಸ್ರಿ" ಅಂದ. ಇಳಿದು ಹೋಗಿ ನೋಡಿದರೆ ಅಪ್ಪ ಸ್ಟೀರಿಂಗ್ ಮೇಲೆ ತಲೆ ಇಟ್ಟಿದ್ದ. ಬಸ್ಸಿನ ಜನವೇ ಎತ್ತಿ ಒಳಗೆ ಮಲಗಿಸಿದರು. ಕುರುಗೋಡಿಗೆ ಹೋಗಬೇಕಾದ ಬಸ್ಸು ತಿರುಗಿ ಬಳ್ಳಾರಿಗೆ ಬಂತು. ಟಿಕೀಟು ತೆಗೆಸಿ ಕೂತವರಲ್ಲಿ ಒಬ್ಬರೂ ಬೇಡವೆನ್ನಲಿಲ್ಲವೆಂದು ಆ ಕಂಡಕ್ಟರ್ ಹದಿನೈದು ದಿನದ ಮೇಲೆ ಮನೆಗೆ ಬಂದು, ಬಾಗಿಲಲ್ಲೇ ನಿಂತು ಹೇಳಿದ. ಆಸ್ಪತ್ರೆ ಮುಟ್ಟುವ ಮೊದಲೇ ಅಪ್ಪ ಹೋಗಿಬಿಟ್ಟಿದ್ದ.

ಕಾರನ್ನು ಮರುದಿನ ಕಂಪೌಂಡರ್ ಚಾಚಾ ತಂದು ಮನೆ ಮುಂದೆ ನಿಲ್ಲಿಸಿದರು. ಅವರು ಅಪ್ಪನ ದವಾಖಾನೆಯಲ್ಲಿ ಮೊದಲಿನಿಂದ ಇದ್ದವರು. ನಮ್ಮ ಪೈಕಿ ಅಪ್ಪನನ್ನು ಬಿಟ್ಟರೆ ಕಾರು ಓಡಿಸಲು ಬರುತ್ತಿದ್ದದ್ದು ಅವರೊಬ್ಬರಿಗೇ.

ದಿನಕರ್ಮಗಳೆಲ್ಲ ಮುಗಿದ ಮೇಲೆ ಕಾಕಾ, ಅಂದರೆ ಅಪ್ಪನ ತಮ್ಮ, ಕುರುಗೋಡಿನಿಂದ ಮತ್ತೆ ಬಂದ. ಚಹಾ ಕುಡಿದ. ಆಮೇಲೆ ಮೆಲ್ಲಗೆ ಮಾತು ತೆಗೆದ.

"ಅತ್ತಿಗಿ, ಕಾರು ಮಾರಿಬಿಡೋಣ. ಓಡಸೋರಿಲ್ಲ, ಏನಿಲ್ಲ."

"ನಿಲ್ಲಲಿ ಬಿಡಪ್ಪ. ಅದೇನು ಅನ್ನ ಕೇಳತೈತಿ?"

"ಕೇಳತೈತಿ. ನಿಂತ್ರೂ ಮೂರು ತಿಂಗಳಿಗೊಮ್ಮೆ ತೆರಿಗಿ ಕಟ್ಟಬೇಕು. ಇನ್ಶೂರೆನ್ಸ್ ಬ್ಯಾರೆ. ಅಣ್ಣನ ಹೆಸರಿಲೆ ಇರೋದು ನಡಿಯಂಗಿಲ್ಲ, ನಿಮ್ಮ ಹೆಸರಿಗೆ ಮಾಡಸ್ಬೇಕು. ಅದಕ್ಕ ಫೀ, ಸ್ಟಾಂಪ್ ಪೇಪರು, ತಡ ಮಾಡಿದ್ದಕ್ಕ ದಂಡ. ಮಾರಬೇಕಂದ್ರೂ ಮೊದಲು ನಿಮ್ಮ ಹೆಸರಿಗೆ ಬರಬೇಕು."

"ಹಂಗಿದ್ರ ನನ್ನ ಹೆಸರಿಗೆ ಮಾಡಸು. ಮಾರೋ ಮಾತು ಆಮ್ಯಾಲೆ."

ಕಾಕಾ ಕೆಟ್ಟವನಲ್ಲ. ಅವನು ಹೇಳಿದ್ದೆಲ್ಲ ಖರೆಯೇ ಆಗಿತ್ತು. ಆದರೆ ಆ ದಿನಗಳಲ್ಲಿ ಅವ್ವನಿಗೆ ಖರೆ ಮಾತು ಬೇಕಾಗಿರಲಿಲ್ಲ. ದವಾಖಾನೆ ಮುಚ್ಚಬೇಕಾಗಿ ಬಂದಾಗ ಅಪ್ಪನ ಮೈಕ್ರೋಸ್ಕೋಪು, ಕಬ್ಬಿಣದ ಮಂಚ, ಗಾಜಿನ ಬೀರು ಎಲ್ಲವನ್ನೂ ಹೊಸದಾಗಿ ಬಂದ ಒಬ್ಬ ಡಾಕ್ಟರಿಗೆ ಕೊಟ್ಟಳು. ಬಂದ ದುಡ್ಡಿನಲ್ಲಿ ಒಂದು ಪಾಲು ಕಾರಿನ ತೆರಿಗೆ, ದಂಡ, ಕಾಗದಪತ್ರಗಳಿಗೇ ಹೋಯಿತು. "ಅಪ್ಪನ ಸಾಮಾನು ಮಾರಿ ಕಾರು ಉಳಿಸ್ಕೊಳ್ಳೋದ್ಯಾಕವ್ವ?" ಎಂದು ನಾನು ಕೇಳಿದ್ದೆ. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ, "ಆ ಸಾಮಾನು ಮಂದಿಗೆ ಬೇಕು. ಇದು ನನಗ ಬೇಕು" ಅಂದಳು.

ಆರ್.ಟಿ.ಓ. ಆಫೀಸಿಗೆ ಕಾರನ್ನೇ ತಂದು ತೋರಿಸಬೇಕೆಂದರು. ಚಾಚಾ ಓಡಿಸಿದರು. ಕಾಕಾ ಅವರ ಪಕ್ಕದಲ್ಲಿ, ಅವ್ವ ಮತ್ತು ನಾನು ಹಿಂದೆ. ಅಪ್ಪ ಹೋದ ಮೇಲೆ ಅವ್ವ ಆ ಕಾರಿನಲ್ಲಿ ಕೂತದ್ದು ಅದೇ ಮೊದಲು. ದಾರಿಯುದ್ದಕ್ಕೂ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಇನ್ಸ್‌ಪೆಕ್ಟರ್ ಮೈಸೂರು ಕಡೆಯವರು, ಮಧ್ಯವಯಸ್ಕರು. ಬಾನೆಟ್ ತೆಗೆಸಿ, ಒಳಗಿನ ತಗಡಿನಲ್ಲಿ ಕೊರೆದ ನಂಬರಿನ ಮೇಲೆ ತೆಳುವಾದ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರು. ಕಾರಿನ ನೋಂದಣಿ ಪುಸ್ತಕದ ಜೊತೆ ಹೋಲಿಸಿದರು. ದೀಪ, ಹಾರ್ನು, ಬ್ರೇಕು ನೋಡಿದರು. ಹಿಂದೆ ಹೋಗಿ ಬಂದರು. ಮುಂದೆ ಬಂದು ನಿಂತು ತಲೆ ಆಡಿಸಿದರು.

"ಹಿಂದಿನದು ಸರಿ ಇದೆ. ಮುಂದಿನ ನಂಬರು ಹೀಗಿದ್ರೆ ಆಗೋಲ್ಲಮ್ಮ. ಇಂಗ್ಲಿಷಲ್ಲಿ ಬರೆಸಬೇಕು."

"ಹಿಂದ ಐತಲ್ಲ ಸಾಹೇಬ್ರ, ಇಂಗ್ಲಿಷಿನ್ಯಾಗ. ಮುಂದ ಇದ ಇರಲಿ" ಅಂದಳು ಅವ್ವ.

"ಎರಡೂ ಕಡೆ ಒಂದೇ ಥರ ಇರಬೇಕು ಅನ್ನೋದು ನಿಯಮ. ಎದುರಿಗೆ ಬರೋರಿಗೆ ಕಾಣೋದು ಮುಂದಿನದೇ ಅಲ್ವಾ? ನಾಳೆ ಏನಾದ್ರೂ ಆಯ್ತು ಅಂದ್ರೆ ನೋಡಿದೋರು ನಂಬರು ಹೇಳಬೇಕು. ಗಡಿ ದಾಟಿ ಆಂಧ್ರಕ್ಕೆ ಹೋದ್ರೆ ಅಲ್ಲಿನ ಪೊಲೀಸ್ನೋರೂ ಓದಬೇಕು."

"ಆಂಧ್ರದವರಿಗೆ ಈ ಅಂಕಿ ಓದಾಕ ಬರತೈತ್ರಿ. ತೆಲುಗಿನ್ಯಾಗೂ ಹೆಚ್ಚುಕಮ್ಮಿ ಹಿಂಗ ಬರಿತಾರ."

ಅವರು ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. "ಇದನ್ನ ಯಾರು ಬರೆದದ್ದು?" ಅಂತ ಕೇಳಿದರು.

ಚಾಚಾ, "ಡಾಕ್ಟರ್ ಸಾಬ್ ಬರದಿದ್ರು ಸರ್, ಅವ್ರ ಕೈಲೆ" ಅಂದರು.

ಇನ್ಸ್‌ಪೆಕ್ಟರ್ ಕೈಲಿದ್ದ ಪುಸ್ತಕ ತೆರೆದು ಅಪ್ಪನ ಹೆಸರನ್ನು ಮತ್ತೊಮ್ಮೆ ಓದಿದರು. "ನಾನು ಸಂಜೆವರೆಗೆ ಇಲ್ಲೇ ಇರ್ತೀನಿ. ಗೇಟಿನ ಹೊರಗೆ ಬರೆಯೋನು ಇದಾನೆ. ಬರೆಸಿಕೊಂಡು ಬನ್ನಿ. ಇನ್ನೊಂದು ದಿನ ನಿಮ್ಮನ್ನ ಓಡಾಡಿಸೋಲ್ಲ" ಎಂದು ಒಳಗೆ ಹೋದರು.

ಗೇಟಿನ ಹೊರಗೆ ಬೇವಿನ ಮರದ ನೆರಳಲ್ಲಿ ಪೇಂಟರ್ ಡಬ್ಬಿಗಳನ್ನು ಇಟ್ಟುಕೊಂಡು ಕೂತಿದ್ದ. ಆ ತಗಡನ್ನು ಬಿಚ್ಚಿಕೊಂಡು ಮನೆಗೆ ಒಯ್ಯೋಣವೆಂದು ನಾನು ಹೇಳಿದೆ. ಪೇಂಟರ್ ಬಗ್ಗಿ ನೋಡಿ, "ಬೆಸುಗಿ ಹಾಕ್ಯಾರವ್ವ. ಬಂಪರ್ ಸಮೇತ ಕಡೀಬೇಕು" ಅಂದ. ಬಂಪರ್ ಹೊಸದು ಹಾಕಿಸುವ ಖರ್ಚು ಕೇಳಿ ಕಾಕಾ ಬೇಡವೆಂದ. ಅವ್ವನೂ, "ಬ್ಯಾಡ. ಬಳಿ" ಅಂದಳು.

ಪೇಂಟರ್ ಬ್ರಷ್ಷನ್ನು ಕಪ್ಪು ಬಣ್ಣದಲ್ಲಿ ಅದ್ದಿದಾಗ ಅವ್ವ, "ಒಂದು ಗಳಿಗಿ ತಡಿಯಪ್ಪ" ಎಂದು ಅವನ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತಳು. ಬೆರಳಿಟ್ಟು ಒಂದೊಂದೇ ಅಂಕಿ ಓದಿದಳು. ಎಲ್ಲಿಯೂ ತಪ್ಪಲಿಲ್ಲ. ಏಳನ್ನು ಏಳೆಂದೇ ಓದಿದಳು. ಓದಿ ಮುಗಿಸಿ, ಎದ್ದು ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತಳು. ಅಪ್ಪ ತೀರಿಕೊಂಡ ದಿನ ಜನರ ನಡುವೆ ಆಕೆ ಅತ್ತದ್ದನ್ನು ನಾನು ಕಂಡಿದ್ದೆ. ಆದರೆ ಈ ಅಳು ಬೇರೆ. ಸದ್ದೇ ಇರಲಿಲ್ಲ, ಬೆನ್ನು ಮಾತ್ರ ಅಲುಗುತ್ತಿತ್ತು. ನಾನು ಹತ್ತಿರ ಹೋದೆ, ಮುಟ್ಟುವುದಕ್ಕೆ ಧೈರ್ಯ ಬರಲಿಲ್ಲ. ಚಾಚಾ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಕಾರಿನ ಹಿಂದೆ ಹೋಗಿ ನಿಂತರು.

ಬಣ್ಣ ಒಣಗುವವರೆಗೂ ನಾವು ಆ ಮರದ ಕೆಳಗೆ ಕೂತಿದ್ದೆವು. ಸಂಜೆ ಹೊತ್ತಿಗೆ ಕಾರು ಅವ್ವನ ಹೆಸರಿಗೆ ಆಯಿತು.

ಆ ತಿಂಗಳಲ್ಲೇ ಒಂದು ಸಲ ಕುರುಗೋಡಿಗೆ ಹೋಗಿ ಬರೋಣವೆಂದು ಅವ್ವ ಚಾಚಾರನ್ನು ಕೇಳಿದಳು. ಹೋದೆವು. ದಾರಿಯಲ್ಲಿ ಹತ್ತಿ ಬಿಡಿಸುತ್ತಿದ್ದವರು ತಲೆ ಎತ್ತಿ ನೋಡಿ ಮತ್ತೆ ಬಗ್ಗಿದರು. ಯಾರೂ ಕೈ ಎತ್ತಲಿಲ್ಲ. ಡಾಕ್ಟರು ಇಲ್ಲವೆಂಬುದು ಅವರಿಗೆಲ್ಲ ಗೊತ್ತಿದ್ದೀತು. ಇಲ್ಲವೆ ಕಾರಿನ ಗುರುತೇ ಹತ್ತಿರಲಿಕ್ಕಿಲ್ಲ. ಕೋಳೂರು ದಾಟಿದ ಮೇಲೆ ಆ ಹೊಲ ಬಂದಾಗ ಚಾಚಾ ವೇಗ ಕಡಿಮೆ ಮಾಡಿದರು. ಅವ್ವ, "ನಿಲ್ಲಸಬ್ಯಾಡ್ರಿ, ನಡೀರಿ" ಅಂದಳು. ಆಮೇಲೆ ಆಕೆ ಆ ಕಾರು ಹತ್ತಲಿಲ್ಲ.

ಎರಡು ವರ್ಷ ಅದು ಮನೆ ಮುಂದೆ ನಿಂತಿತ್ತು. ಅವ್ವ ದಿನವೂ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟಿಬರುವುದು ನನ್ನ ಕೆಲಸ. ಚಾಚಾ ಮಗನ ಹತ್ತಿರ ಇರುವುದಕ್ಕೆ ಗುಂತಕಲ್ಲಿಗೆ ಹೋದರು. ಎಂಜಿನ್ ಶುರು ಮಾಡಿ ನೋಡುವವರೂ ಇಲ್ಲವಾಯಿತು. ನನ್ನ ಲಗ್ನ ಗೊತ್ತಾದಾಗ ಅವ್ವ ತಾನಾಗಿಯೇ ಕಾಕಾನಿಗೆ ಹೇಳಿ ಕಳಿಸಿದಳು. ಸಿರುಗುಪ್ಪದ ಅಕ್ಕಿ ಮಿಲ್ಲಿನವರೊಬ್ಬರು ಬಂದು ಕಾರು ನೋಡಿದರು. ಅವರ ಹೆಂಡತಿಗೆ ಹುಷಾರಿರಲಿಲ್ಲ. ಬಳ್ಳಾರಿಯ ಆಸ್ಪತ್ರೆಗೆ ಮೇಲಿಂದ ಮೇಲೆ ಕರೆತರಬೇಕಿತ್ತು, ಬಸ್ಸಿನ ಕುಲುಕಾಟ ಆಕೆಗೆ ತಡೆಯುತ್ತಿರಲಿಲ್ಲ. ಅದನ್ನು ಕೇಳಿದ ಮೇಲೆ ಅವ್ವ ಬೆಲೆ ಮಾತಾಡಲಿಲ್ಲ. ಕಾಗದಗಳಿಗೆ ಸಹಿ ಮಾಡಿ ಅವರ ಕೈಗೇ ಕೊಟ್ಟಳು. ಮಾರಿದವರೂ ಆಫೀಸಿಗೆ ತಿಳಿಸಬೇಕೆಂಬುದು ನಮಗಾರಿಗೂ ಹೊಳೆಯಲಿಲ್ಲ.

ಕೆಲವು ವರ್ಷ ಕಳೆದವು. ನಾನು ಹೆರಿಗೆಗೆಂದು ತವರಿಗೆ ಬಂದಿದ್ದಾಗ ಆರ್.ಟಿ.ಓ. ಆಫೀಸಿನಿಂದ ಒಂದು ನೋಟೀಸು ಬಂತು. ತೆರಿಗೆ ಬಾಕಿ, ದಂಡ, ಎಲ್ಲ ಅವ್ವನ ಹೆಸರಿಗೆ. ಕೊಂಡವರು ಕಾರನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡೇ ಇರಲಿಲ್ಲ. ಕಾಕಾ ಹೋಗಿ ಜಗಳ ತೆಗೆಯುವವನಿದ್ದ. ಅವ್ವ ಅವನನ್ನು ತಡೆದಳು. ಹೆರಿಗೆಯಾಗಿ ನಾನು ಚೇತರಿಸಿಕೊಂಡ ಮೇಲೆ, ಕೂಸನ್ನು ಅವ್ವನ ಹತ್ತಿರ ಬಿಟ್ಟು, ನನ್ನ ಗಂಡನ ಜೊತೆ ಸಿರುಗುಪ್ಪಕ್ಕೆ ಹೋದೆ.

ಮಿಲ್ಲಿನ ಹಿತ್ತಲಲ್ಲಿ, ಹೊಟ್ಟಿನ ರಾಶಿಯ ಪಕ್ಕ, ಕಾರು ಗಾಲಿಯಿಲ್ಲದೆ ಕಲ್ಲುಗಳ ಮೇಲೆ ಕೂತಿತ್ತು. ಮಿಲ್ಲಿನವರು ನಮ್ಮನ್ನು ಕಂಡ ಕೂಡಲೇ ಎದ್ದು ಬಂದರು. ಬಹಳ ಇಳಿದುಹೋಗಿದ್ದರು.

"ತಪ್ಪಾತವ್ವ. ತಂದ ಮೂರು ತಿಂಗಳಿಗೆ ಆಕಿ ಹೋದ್ಲು. ಕಾಗದ ಎಲ್ಲಾ ಹಂಗ ಬೀರುವಿನ್ಯಾಗ ಅದಾವ. ಯಾರಿಗಂತ ಹೆಸರು ಮಾಡಸ್ಲಿ, ಯಾರನ್ನ ಕೂಡಿಸ್ಕೊಂಡು ಹೋಗ್ಲಿ ಅನ್ನಿಸ್ತು. ಆಮ್ಯಾಲೆ ಅದನ್ನ ಮುಟ್ಟಾಕ ಮನಸಾಗಲಿಲ್ಲ. ಬಾಕಿ ನಾನ ಕಟ್ಟತೀನಿ. ಅಮ್ಮಾರಿಗೆ ತ್ರಾಸ ಆಗಬಾರದು."

ಅವರು ತರಿಸಿದ ಚಹಾ ಕುಡಿದು ಬಂದೆವು.

ಮುಂದಿನ ವಾರ ಅವರು ಬಳ್ಳಾರಿಗೆ ಬಂದು ಬಾಕಿಯನ್ನೆಲ್ಲ ಕಟ್ಟಿದರು. ಕಾರು ಓಡುವ ಸ್ಥಿತಿಯಲ್ಲಿ ಇಲ್ಲದ್ದರಿಂದ ನೋಂದಣಿಯನ್ನೇ ರದ್ದು ಮಾಡಿಸಬೇಕಾಯಿತು. ಅದಕ್ಕೆ ಅವ್ವನ ಸಹಿ ಬೇಕಿತ್ತು. ಕೌಂಟರಿನ ಎದುರು ಅವರಿಬ್ಬರೂ ಅಕ್ಕಪಕ್ಕ ನಿಂತಿದ್ದರು. ಗುಮಾಸ್ತ ತೋರಿಸಿದ ಕಡೆಯಲ್ಲೆಲ್ಲ ಅವ್ವ ನಿಧಾನವಾಗಿ ಹೆಸರು ಬರೆದಳು. ಅವನು ಪುಸ್ತಕದ ಮೇಲೆ ಅಡ್ಡಗೆರೆ ಎಳೆದು ಮುದ್ರೆ ಒತ್ತಿದ.

ಹೊರಗೆ ಬಂದ ಮೇಲೆ ಅವರು ಕೈಮುಗಿದು ಹೊರಟರು. ಅವ್ವ ಬಿಡಲಿಲ್ಲ. "ನಮ್ಮ ತವರೂರಿನವರು ನೀವು. ಹಂಗ ಹೋಗಬ್ಯಾಡ್ರಿ. ಮನಿಗಿ ಬರ್ರಿ, ಉಂಡು ಹೋಗೀರಂತ" ಅಂದಳು.

ಮನೆಯಲ್ಲಿ ರೊಟ್ಟಿ ಬಡಿದು, ಪುಂಡಿಪಲ್ಯ ಮಾಡಿ ಬಡಿಸಿದಳು. ಅವರು ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದರು. ಅವ್ವ ಬಾಗಿಲಿಗೆ ಒರಗಿ ನಿಂತು ಅವರ ಹೆಂಡತಿಗೆ ಏನಾಗಿತ್ತು, ಎಷ್ಟು ದಿನ ಮಲಗಿದ್ದಳು, ಕೊನೆಗೆ ಮಾತಾಡಿದಳೇ ಎಂದು ಒಂದೊಂದಾಗಿ ಕೇಳಿದಳು. ಅವರು ಎಲ್ಲವನ್ನೂ ಹೇಳಿದರು. ಹೀಗೆ ಕೇಳುವವರು ಅವರಿಗೆ ಬಹಳ ದಿನದಿಂದ ಯಾರೂ ಸಿಕ್ಕಿರಲಿಲ್ಲವೇನೋ. ನಡುವೆ ಒಂದು ಸಲ ಎತ್ತಿದ ತುತ್ತನ್ನು ತಟ್ಟೆಗೇ ಮರಳಿ ಇಟ್ಟರು. ಅವ್ವ ನೀರಿನ ಚೊಂಬನ್ನು ಹತ್ತಿರ ಸರಿಸಿದಳು.

ಬಿಸಿಲು ತಗ್ಗಿದ ಮೇಲೆ ಅವರು ಸಿರುಗುಪ್ಪದ ಬಸ್ಸಿಗೆ ಹೋದರು. ಅವರು ಉಂಡ ತಟ್ಟೆಯನ್ನು ಎತ್ತಿಟ್ಟು ಅವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಕಾರು ನಿಲ್ಲುತ್ತಿದ್ದ ಜಾಗದ ಕಡೆ ಮುಖ ಮಾಡಿ ಕೂತಳು. ನಾನು ಎರಡು ಸಲ ಊಟಕ್ಕೆ ಕರೆದೆ. ಆಮೇಲೆ ಉಣ್ಣುತ್ತೇನೆ ಅಂದಳು, ಅವತ್ತು ಉಣ್ಣಲಿಲ್ಲ.