ಎರಡು ಶರ್ಟಿನ ದಿನ

"ನಿನ್ ಶರ್ಟ್ ಬಿಚ್ಚಿ ಕೊಡ್ಲಾ," ಅಂದವರೇ ಸಾರ್ ತಮ್ಮ ಶರ್ಟಿನ ಗುಂಡಿ ತೆಗೆದರು. ಶಾಲೆಯ ಹಿಂದಿನ ಗೋಡೆಯ ಹತ್ತಿರ ನಿಂತಿದ್ದೆವು. ಒಳಗೆ ಬನಿಯನ್ ಇರಲಿಲ್ಲ. ಕತ್ತಿನ ಕುಳಿಯಿಂದ ಹಿಡಿದು ಎದೆಯ ನಡುಮಧ್ಯೆ ಕೆಳಗಿನವರೆಗೂ ಒಂದು ಗೆರೆ. ರಾಗಿ ಮೂಟೆಯ ಬಾಯಿ ಹೊಲಿದ ಹಾಗೆ, ಗೆರೆಯ ಎರಡೂ ಕಡೆ ಚುಕ್ಕಿ ಚುಕ್ಕಿ. ಬಸ್ ಇಳಿದು ಶಾಲೆಯ ಏರು ಹತ್ತುವಾಗ ಅವರು ದಾರಿಯ ಕಲ್ಲಿನ ಮೇಲೆ ಯಾಕೆ ಕೂರುತ್ತಿದ್ದರು ಅನ್ನೋದು ನನಗೆ ಆವತ್ತು ಗೊತ್ತಾಯಿತು.

"ಏನ್ ನೋಡ್ತೀಯ? ಇಂಜಿನ್ ರಿಪೇರಿ ಆಗೈತೆ, ಅಷ್ಟೆ. ಬೇಗ ಕೊಡು."

ಕೊಟ್ಟೆ. ಕೆಂಪು ಚೌಕಳಿ ಶರ್ಟು. ಅಕ್ಕನ ಮದುವೆಗೆ ಹೊಲಿಸಿದ್ದು. ಸಾರ್ ಮೈಗೆ ಅದು ದೊಗಳೆಯಾಯಿತು. ತೋಳು ಮಡಚಿಕೊಂಡು ಕ್ಯಾಮೆರಾ ಮುಂದೆ ಹೋಗಿ ನಿಂತರು.

ಈ ಸಾರ್ ಹೊಸೂರಿನ ಹಳೇ ಮನೆತನದವರು. ಮನೆಯಲ್ಲಿ ಕನ್ನಡ, ಕೆಲಸದಲ್ಲಿ ತಮಿಳು, ತರಕಾರಿಯವಳ ಹತ್ತಿರ ತೆಲುಗು. ಒಂದು ಯೂನಿವರ್ಸಿಟಿಯಲ್ಲಿ ಕಾಂಟ್ರಾಕ್ಟಿನ ಮೇಲೆ ಪಾಠ ಮಾಡುತ್ತಿದ್ದರು. ಆ ಯೂನಿವರ್ಸಿಟಿ ನಮ್ಮೂರನ್ನು ದತ್ತು ತೆಗೆದುಕೊಂಡಿತ್ತು. ನಮ್ಮೂರು ಜವಳಗಿರಿ ಕಡೆ, ತಮಿಳುನಾಡಿನ ಗಡಿಯೊಳಗೆ, ಕಾಡಿನ ಅಂಚಿನಲ್ಲಿದೆ. ದತ್ತು ಅಂದರೆ ಊರ ಬಾಗಿಲಲ್ಲಿ ಒಂದು ದೊಡ್ಡ ಬೋರ್ಡು. ಅದು ನಿಂತ ಸ್ವಲ್ಪ ದಿನಕ್ಕೇ ಆನೆ ಬಂದು ಬೆನ್ನು ಉಜ್ಜಿಕೊಂಡು ಹೋಯಿತು. ಬೋರ್ಡು ಓರೆಯಾಯಿತು. ಯಾರೂ ನೆಟ್ಟಗೆ ಮಾಡಲಿಲ್ಲ.

"ದತ್ತು ತಗಂಡೋರು ಊಟಕ್ಕಿಕ್ಕಲ್ವೇನ್ಲಾ?" ಅಂತ ಊರಿನ ಮುದುಕರು ನಗುತ್ತಿದ್ದರು.

ವರ್ಷಕ್ಕೊಂದು ಸಲ ವ್ಯಾನಿನಲ್ಲಿ ಹುಡುಗ ಹುಡುಗಿಯರು ಬರುತ್ತಿದ್ದರು. ಕೈ ತೊಳೆಯೋದು ಹೇಗೆ ಅಂತ ತಮಿಳಿನಲ್ಲಿ ನಾಟಕ ಆಡುತ್ತಿದ್ದರು. ನಮಗೆ ಕೈ ತೊಳೆಯೋದು ಗೊತ್ತು. ನಲ್ಲಿಯಲ್ಲಿ ನೀರು ಬರೋದಿಲ್ಲ, ಅದು ಬೇರೆ ವಿಷಯ. ಸಾಯಂಕಾಲದ ಹೊತ್ತಿಗೆ ವ್ಯಾನು ಹತ್ತಿ ಹೋಗುತ್ತಿದ್ದರು. ಅವರ ಜೊತೆ ಬಂದವರಲ್ಲಿ ತಿರುಗಿ ಬಂದವರು ಈ ಸಾರ್ ಒಬ್ಬರೇ.

ಮುಂದಿನ ಭಾನುವಾರ ಬಸ್ಸಿನಲ್ಲಿ ಬಂದರು. ನಾನು, ಮಾದೇಶ, ಇನ್ನೂ ಕೆಲವರು ಬಸ್ ಸ್ಟಾಪಿನಲ್ಲಿ ಸುಮ್ಮನೆ ಕೂತಿದ್ದೆವು.

"ಎಷ್ಟನೇ ಕ್ಲಾಸ್‌ಗೆ ಬಿಟ್ಟೆ?" ಅಂದರು ನನ್ನನ್ನು ನೋಡಿ.

"ಒಂಬತ್ತು."

"ಯಾಕ್ ಬಿಟ್ಟೆ?"

"ಹೈಸ್ಕೂಲಿಗೆ ಕಾಡ್ ದಾರೀಲಿ ಹೋಗ್ಬೇಕು. ಆನೆ ಅಟ್ಟಿಸ್ಕಂಡ್ ಬಂತು. ನಮ್ಮಪ್ಪ ಬೇಡ ಅಂತು."

"ಆನೆ ಈಗ ಎಲ್ಲೈತೆ?"

"ನಂಗೇನ್ ಗೊತ್ತು?"

"ಅದು ತನ್ನ ಪಾಡಿಗೆ ಹೋಗ್ಬುಡ್ತು. ನೀನಿನ್ನೂ ಇಲ್ಲೇ ಕೂತಿದ್ದೀಯಲ್ಲ, ದಡ್ಡ."

ನನಗೆ ಸಿಟ್ಟು ಬಂತು. ಆದರೆ ನನಗೆ ಹತ್ತನೇ ಕ್ಲಾಸು ಬೇಕಿತ್ತು. ಹೊಸೂರಿನಲ್ಲಿ ಯಾವ ಫ್ಯಾಕ್ಟರಿ ಗೇಟಿಗೆ ಹೋದರೂ ಮೊದಲು ಕೇಳೋದು ಅದನ್ನೇ. ಇಲ್ಲದಿದ್ದರೆ ಗುಲಾಬಿ ಶೆಡ್ಡೇ ಗತಿ. ಪ್ಲಾಸ್ಟಿಕ್ ಹೊದಿಸಿದ ಶೆಡ್ಡಿನೊಳಗೆ ಔಷಧಿ ಹೊಡೆದ ಗಿಡದ ಮಧ್ಯೆ ನಿಂತು ಹೂವು ಕತ್ತರಿಸಬೇಕು. ಬೆಳಗ್ಗೆಯೇ ತಲೆ ಸುತ್ತು ಬರುತ್ತದೆ. ನಾನು ಅಲ್ಲೇ ಇದ್ದೆ. ಪ್ರೈವೇಟಾಗಿ ಪರೀಕ್ಷೆ ಬರೆಯಬಹುದು ಅಂತ ನಮಗೆ ಹೇಳಿದವರೇ ಸಾರ್.

ಯೂನಿವರ್ಸಿಟಿ ಹೆಸರು ಹೇಳಿ ನಮ್ಮೂರಿನ ಶಾಲೆಯಲ್ಲಿ ಒಂದು ರೂಮು ಕೇಳಿದರು. ದತ್ತು ತಗೊಂಡವರು ಅಂತ ಹೆಡ್‌ಮಾಸ್ಟರು ಬೀಗದಕೈ ಕೊಟ್ಟರು. ಹೀಗೆ ಭಾನುವಾರದ ಕ್ಲಾಸು ಶುರುವಾಯಿತು. ಯೂನಿವರ್ಸಿಟಿಯವರು ಇದನ್ನು ಮಾಡಿ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅವರಿಗೆ ಅದು ಬೇಕಿರಲಿಲ್ಲ.

ಸಾರ್ ಸೀಮೆಸುಣ್ಣವನ್ನು ಹಳೇ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಕನ್ನಡಕ ಮಾತ್ರ ಜೇಬಿನಲ್ಲಿ ಬಿದ್ದು ಗೀಚಿಹೋಗಿತ್ತು. ನಾವು ಸರಿಯಾಗಿ ಉತ್ತರ ಹೇಳಿದರೆ ಶಾಬಾಸ್ ಇಲ್ಲ, "ಮುಂದೆ?" ಅನ್ನೋರು. ತಪ್ಪು ಹೇಳಿದರೂ "ಮುಂದೆ?" ಅನ್ನೋರು, ಆದರೆ ದನಿ ಬೇರೆ. ಗೊತ್ತಿಲ್ಲದೇ ಇದ್ದಾಗ ಬಾಯಿ ಮುಚ್ಚಿಕೊಂಡು ಕೂತರೆ ಮಾತ್ರ ಉರಿದು ಬೀಳುತ್ತಿದ್ದರು.

"ಗೊತ್ತಿಲ್ಲ ಅನ್ನು. ಗೊತ್ತಿಲ್ಲ ಅನ್ನೋಕೆ ಯಾರ ಪರ್ಮಿಶನ್ ಬೇಕ್ಲಾ ನಿಂಗೆ?"

ನಮಗೆ ಎಲ್ಲಕ್ಕಿಂತ ಕಷ್ಟ ತಮಿಳು. ಮಾತಾಡಲು ಬರುತ್ತದೆ, ಜಗಳ ಆಡಲೂ ಬರುತ್ತದೆ. ಓದಲು ಬರೋದಿಲ್ಲ. ಓದಿದ್ದು ಕನ್ನಡ ಶಾಲೆ. ಪರೀಕ್ಷೆಯಲ್ಲಿ ತಮಿಳು ಪೇಪರ್ ಇದೆ. ಸಾರ್ ಪುಸ್ತಕ ಪಕ್ಕಕ್ಕೆ ಇಟ್ಟು ನಮ್ಮನ್ನು ಬಸ್ ಸ್ಟಾಪಿಗೆ ಕರೆದುಕೊಂಡು ಬಂದರು. ಬಸ್ ಬಂದಾಗ ಅದರ ಬೋರ್ಡು ಓದಬೇಕು. ಒಂದು ದಿನ ಸಾರ್ ಮನೆಗೆ ಹೊರಟಿದ್ದರು. ಬಸ್ ಬಂತು. ಒಂದು ಕಾಲು ಮೆಟ್ಟಿಲ ಮೇಲಿಟ್ಟು, "ಓದ್ಲಾ," ಅಂದರು ನನಗೆ. ನಾನು ಒಂದೊಂದೇ ಅಕ್ಷರ ಕೂಡಿಸುತ್ತಾ ನಿಂತೆ. ಕಂಡಕ್ಟರ್ ಬೈದ. ಸಾರ್ ಕಾಲು ಕೆಳಗಿಟ್ಟರು. ಬಸ್ ಹೋಯಿತು.

"ಬಸ್ ಹೋಗ್ಬುಡ್ತಲ್ಲ ಸಾ!"

"ಹೋಗ್ಲಿ ಬಿಡು. ಎಲ್ಲಿಗೆ ಹೋಯ್ತು ಅಂತ ಹೇಳು."

"ತೇನ್... ತೇನ್ಕನಿಕೋಟೆ."

"ಮುಂದೆ?"

ಅಲ್ಲಿಗೆ ಹೋಗಿ ಅವರು ಹೊಸೂರಿನ ಬಸ್ ಹಿಡಿಯಬೇಕಿತ್ತು. ಮುಂದಿನ ಬಸ್ಸು ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಅಲ್ಲಿಯವರೆಗೂ ಸ್ಟಾಪಿನ ಗೋಡೆಗೆ ಅಂಟಿಸಿದ್ದ ಸಿನಿಮಾ ಪೋಸ್ಟರು, ಪಾರ್ಟಿ ಪೋಸ್ಟರು ಎಲ್ಲ ನನ್ನ ಕೈಲಿ ಓದಿಸಿದರು. ಮಾದೇಶ ಮೊಬೈಲ್ ತೆಗೆದು ಒಂದು ಫೋಟೋ ಹೊಡೆಯಲು ಹೋದ. ಬೇಡ ಅಂದರು.

"ಫೋಟೋ ತೆಗುದ್ರೆ ಇವನಿಗೆ ಓದೋಕ್ ಬತ್ತದಾ? ಒಳಗಿಡು."

ಅವರಿಗೆ ಈ ಮಾತೇ ಮುಳುವಾಯಿತು.

ಪರೀಕ್ಷೆ ಹತ್ತಿರ ಬಂದಾಗ ಒಂದು ಭಾನುವಾರ ಯೂನಿವರ್ಸಿಟಿಯ ವ್ಯಾನು ಬಂತು. ದೊಡ್ಡ ಕಮಿಟಿ ಬಂದು ಯೂನಿವರ್ಸಿಟಿಗೆ ಗ್ರೇಡು ಕೊಡೋದಿತ್ತಂತೆ. ಊರಿಗೆ ಏನೇನು ಸೇವೆ ಮಾಡಿದ್ದೀರಿ ಅಂತ ಕಮಿಟಿ ಕೇಳುತ್ತದಂತೆ. ಅದಕ್ಕೆ ವರ್ಷ ಪೂರ್ತಿ ಸೇವೆಯನ್ನು ಒಂದೇ ದಿನದಲ್ಲಿ ಮಾಡಲು ಬಂದಿದ್ದರು. ಎಲ್ಲರೂ ಎರಡೆರಡು ಶರ್ಟು, ಹೆಂಗಸರು ಎರಡೆರಡು ಸೀರೆ ತರಬೇಕು ಅಂತ ಹಿಂದಿನ ದಿನವೇ ಹೇಳಿ ಕಳಿಸಿದ್ದರು. ವ್ಯಾನಿನ ತುಂಬಾ ಬ್ಯಾನರು. ಗಿಡ ನೆಡೋದು, ಕಸ ಗುಡಿಸೋದು, ಮಹಿಳಾ ದಿನ, ಯುವಕರ ಶಿಬಿರ, ಎಲ್ಲಕ್ಕೂ ಒಂದೊಂದು. ತಾರೀಖಿನ ಜಾಗದಲ್ಲಿ ಬೇರೆ ಬೇರೆ ಚೀಟಿ ಅಂಟಿಸಿದ್ದರು.

ಒಂದೇ ಹೊಂಗೆ ಸಸಿಯನ್ನು ಶಾಲೆಯ ಮುಂದೆ ನೆಟ್ಟು ಫೋಟೋ ತೆಗೆದರು. ಕಿತ್ತರು. ಕೆರೆ ಏರಿಯ ಮೇಲೆ ನೆಟ್ಟು ಫೋಟೋ ತೆಗೆದರು. ಮತ್ತೆ ಕಿತ್ತರು. ಮಧ್ಯಾಹ್ನದ ಹೊತ್ತಿಗೆ ಸಸಿ ಬಾಡಿತ್ತು. ಮಾದೇಶನ ಅಜ್ಜಿಗೆ ಒಂದು ಫೋಟೋದಲ್ಲಿ ಪೊರಕೆ ಕೊಟ್ಟರು, ಇನ್ನೊಂದರಲ್ಲಿ ಸ್ಲೇಟು ಕೊಟ್ಟರು.

"ನಾನೇನ್ ನಾಟಕದೋಳೇನವ್ವ? ಹಿಟ್ಟಿಗೆ ಎಸ್ರಿಟ್ಟು ಬಂದಿವ್ನಿ, ಬಿಡವ್ವ," ಅಂತ ಅಜ್ಜಿ ಸ್ಲೇಟನ್ನು ಫೋಟೋಗೆ ನಿಲ್ಲಿಸುತ್ತಿದ್ದ ಹುಡುಗಿಯ ಕೈಗೇ ತುರುಕಿ ಹೋಯಿತು.

ಸಾರ್ ಶಾಲೆಯ ಜಗುಲಿಯ ಮೇಲೆ ಕೂತು ನಮಗೆ ಬಡ್ಡಿ ಲೆಕ್ಕ ಹೇಳಿಕೊಡುತ್ತಿದ್ದರು. ಕೆಲಸದ ಮೇಲುಸ್ತುವಾರಿಗೆ ಬಂದಿದ್ದ ಮೇಡಂ ಅಲ್ಲಿಗೆ ಬಂದರು. ಅವರು ಮಾತಾಡಿದ್ದು ತಮಿಳಿನಲ್ಲಿ.

"ನಿಮ್ಮ ಸಂಡೇ ಕ್ಲಾಸಿಗೆ ಪ್ರೂಫ್ ಎಲ್ಲಿ ಸಾರ್? ಒಂದು ಫೋಟೋನೂ ಇಲ್ಲ."

"ಹುಡುಗರೇ ಇದ್ದಾರಲ್ಲ ಮೇಡಂ. ಏನು ಬೇಕೋ ಕೇಳಿ."

"ಹುಡುಗರನ್ನ ಅಪ್‌ಲೋಡ್ ಮಾಡೋಕಾಗುತ್ತಾ?"

ಅವರ ಜೊತೆ ಬಂದಿದ್ದ ಹುಡುಗಿಯೊಬ್ಬಳು ನಕ್ಕಳು. ಮೇಡಂ ನಗಲಿಲ್ಲ. ಅವರು ನಿಜವಾಗಿಯೇ ಕೇಳಿದ್ದರು. ಆಮೇಲೆ ದನಿ ತಗ್ಗಿಸಿ ಹೇಳಿದರು. ವರ್ಷ ಪೂರ್ತಿಗೆ ಆಗುವಷ್ಟು ಫೋಟೋ ಇವತ್ತು ಕೊಟ್ಟರೆ ಪರೀಕ್ಷೆಯವರೆಗೂ ರೂಮು ನಮ್ಮದು. ಇಲ್ಲದಿದ್ದರೆ ಇಂಥ ಕ್ಲಾಸು ಯೂನಿವರ್ಸಿಟಿಯದ್ದಲ್ಲ ಅಂತ ಹೆಡ್‌ಮಾಸ್ಟರಿಗೆ ತಿಳಿಸಬೇಕಾಗುತ್ತದೆ.

ಸಾರ್ ನಮ್ಮ ಕಡೆ ನೋಡಿದರು. ಅವರು ಒಂದೇ ಶರ್ಟಿನಲ್ಲಿ ಬಂದಿದ್ದರು. ಸೀಮೆಸುಣ್ಣವನ್ನು ಡಬ್ಬಿಗೆ ಹಾಕಿ ಎದ್ದರು. "ಬಾರ್ಲಾ," ಅಂತ ನನ್ನನ್ನು ಶಾಲೆಯ ಹಿಂದಕ್ಕೆ ಕರೆದುಕೊಂಡು ಹೋದರು. ಆವಾಗಲೇ ನನ್ನ ಶರ್ಟು ಕೇಳಿದ್ದು, ಆ ಗೆರೆ ನಾನು ನೋಡಿದ್ದು.

ಯುವಕರ ಶಿಬಿರದ ಬ್ಯಾನರಿನ ಕೆಳಗೆ ನನ್ನ ಶರ್ಟು ಹಾಕಿಕೊಂಡು ನಮ್ಮ ಮಧ್ಯೆ ನಿಂತರು. ಫೋಟೋ ತೆಗೆಯುವವನು ನಗಿ ಸಾರ್ ಅಂದ. ನಕ್ಕರು. ಆ ಥರ ನಕ್ಕಿದ್ದನ್ನು ನಾನು ಮೊದಲು ನೋಡಿರಲಿಲ್ಲ. ಆಮೇಲೆ ತಮ್ಮ ಶರ್ಟು ಹಾಕಿಕೊಂಡು ಇನ್ನೊಂದು ಬ್ಯಾನರಿನ ಕೆಳಗೆ, ಮಾದೇಶನ ಶರ್ಟಿನಲ್ಲಿ ಮತ್ತೊಂದರ ಕೆಳಗೆ. ವ್ಯಾನು ಹೋದ ಮೇಲೆ ಜಗುಲಿಗೆ ಬಂದು ಕೂತರು. ನಾವು ಪುಸ್ತಕ ಮುಚ್ಚಿಟ್ಟಿದ್ದೆವು.

"ಏನ್ ಸತ್ತೋರ ಮನೇಲಿ ಕೂತಂಗ್ ಕೂತಿದ್ದೀರಾ? ಬಡ್ಡಿ ಎಲ್ಲಿಗ್ ನಿಂತಿತ್ತು? ಮುಂದೆ?"

ಯೂನಿವರ್ಸಿಟಿಗೆ ಗ್ರೇಡು ಬಂತು. ಹೊಸೂರು ಬಸ್ ಸ್ಟ್ಯಾಂಡಿನ ಹತ್ತಿರ ದೊಡ್ಡ ಫ್ಲೆಕ್ಸ್ ಹಾಕಿದರು. ಅದಾದ ಭಾನುವಾರ ಸಾರ್ ಬಂದಾಗ ರೂಮಿಗೆ ಹೊಸ ಬೀಗ. ಹೆಡ್‌ಮಾಸ್ಟರು ತಲೆ ತಗ್ಗಿಸಿಕೊಂಡು ಹೇಳಿದರು: ದತ್ತು ಮುಗಿಯಿತಂತೆ, ಈ ವರ್ಷ ಉದ್ದನಪಲ್ಲಿ ಕಡೆ ಬೇರೆ ಊರು ತಗೊಂಡಿದ್ದಾರಂತೆ, ಹೊರಗಿನವರಿಗೆ ರೂಮು ಕೊಟ್ಟರೆ ತಮಗೆ ಮೇಲಿನಿಂದ ತೊಂದರೆ. ಸಾರ್ ಅಲ್ಲೇ ನಿಂತು ಮೇಡಂಗೆ ಫೋನ್ ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಿದರು. ಮೇಡಂ ಕಟ್ ಮಾಡಿದರು.

ಬೀಗವನ್ನು ಒಂದು ಸಲ ಎಳೆದು ನೋಡಿದರು.

"ಬಟ್ಟೆ ಬಿಚ್ಚಿದ್ದು ದಂಡ ಆಯ್ತಲ್ಲೋ," ಅಂದರು. ನಮಗೆ ಹೇಳಿದ್ದಲ್ಲ.

ಆವತ್ತೇ ಬಸ್ ಸ್ಟಾಪಿನಲ್ಲಿ ಕ್ಲಾಸು ನಡೆಯಿತು. ಪೋಸ್ಟರು ಕಿತ್ತು ಗೋಡೆಯನ್ನೇ ಬೋರ್ಡು ಮಾಡಿಕೊಂಡೆವು. ಆಟೋದವರು ಹಾರನ್ ಹೊಡೆದು ಅಣಕಿಸುತ್ತಿದ್ದರು. ಸಾರ್‌ಗೆ ಉಬ್ಬಸ ಜಾಸ್ತಿಯಾಗಿತ್ತು. ಅಷ್ಟರಲ್ಲಿ ಅವರ ಕಾಂಟ್ರಾಕ್ಟನ್ನೂ ಮುಂದುವರಿಸಲಿಲ್ಲ. ಅದನ್ನು ಅವರು ನಮಗೆ ಹೇಳಲಿಲ್ಲ. ಮಾದೇಶನಿಗೆ ಬೇರೆ ಯಾರೋ ಹೇಳಿದರು. "ಸಾ, ನೀವು ಬರ್ಬ್ಯಾಡಿ, ನಾವೇ ಓದ್ಕತೀವಿ," ಅಂದ ಅವನು.

"ಓದ್ಕಂಡಿದ್ರೆ ಇಲ್ಯಾಕ್ ಕೂತಿದ್ದೆ ನೀನು? ಬತ್ತೀನಿ. ನನಗೂ ಭಾನುವಾರ ಬೇರೆ ಕೆಲಸ ಇಲ್ಲ."

ಪರೀಕ್ಷೆಯ ದಿನ ಗೇಟಿನ ಹತ್ತಿರವೂ ಬಂದಿದ್ದರು. ನನ್ನ ಕಾಲರ್ ಹಿಡಿದು ನೆಟ್ಟಗೆ ಮಾಡಿ, "ಗೊತ್ತಿರೋದು ಮೊದ್ಲು ಬರಿ. ಹೋಗು," ಅಂದರು. ನನ್ನ ಹತ್ತಿರ ಆಡಿದ ಕೊನೆಯ ಮಾತು ಅದೇ.

ರಿಸಲ್ಟು ಬರುವ ಮೊದಲೇ ಸತ್ತರು. ಮನೆಯಲ್ಲಿ, ಕಾಫಿ ಕುಡಿಯುತ್ತಾ. ನಾವು ಹೊಸೂರಿಗೆ ಹೋದೆವು. ಬಾಗಿಲಲ್ಲಿ ಅವರ ಹೆಂಡತಿ ಕೂತಿದ್ದರು.

"ಯಾರಪ್ಪ ನೀವು?"

"ಭಾನುವಾರದೋರು ಅಮ್ಮ," ಅಂದ ಮಾದೇಶ.

ಆಯಮ್ಮ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. "ಡಾಕ್ಟ್ರು ಬಸ್ಸಲ್ಲಿ ಓಡಾಡ್ಬೇಡಿ ಅಂದಿದ್ರು. ನಾನೂ ಅಂದೆ. ಕೇಳಿದ್ರಾ?" ಅಂದರು. ಆಮೇಲೆ ಬಾಗಿಲಿನಿಂದ ಸರಿದು ಕೂತರು. "ಒಳಗ್ ಹೋಗಿ ನೋಡಿ," ಅಂದರು.

ನೋಡಿ ಹೊರಗೆ ಬಂದಾಗ ಬೀದಿಯ ಮೂಲೆಯಲ್ಲಿ ಯೂನಿವರ್ಸಿಟಿಯ ಹುಡುಗರು ಒಂದು ಫ್ಲೆಕ್ಸ್ ಕಟ್ಟುತ್ತಿದ್ದರು. ಸತ್ತವರಿಗೆ ಹಾಕುವ ಕಣ್ಣೀರ ಅಂಜಲಿ ಫ್ಲೆಕ್ಸು. ಅವರ ಹತ್ತಿರ ಇದ್ದ ಸಾರ್ ಫೋಟೋ ಆ ಎರಡು ಶರ್ಟಿನ ದಿನದ್ದು ಮಾತ್ರ. ಅಕ್ಕಪಕ್ಕ ನಿಂತಿದ್ದ ನಮ್ಮನ್ನು ಕತ್ತರಿಸಿ ತೆಗೆದಿದ್ದರು. ಸಾರ್ ಒಬ್ಬರೇ ನಗುತ್ತಿದ್ದರು.

"ಲೋ, ನಿನ್ ಶರ್ಟ್ ಕಣ್ಲಾ," ಅಂದ ಮಾದೇಶ.

ಕೆಂಪು ಚೌಕಳಿ. ಮಡಚಿದ ತೋಳು. ಕೆಳಗೆ ತಮಿಳಿನಲ್ಲಿ ಉದ್ದಕ್ಕೆ ಬರೆದಿದ್ದರು. ನಾನು ಅಲ್ಲೇ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ನಮ್ಮ ಯೂನಿವರ್ಸಿಟಿಯ ಪರವಾಗಿ ಹಳ್ಳಿಯ ಯುವಕರಿಗೆ ಬೆಳಕಾದವರು ಅಂತ ಇತ್ತು. ಬಿಡದೆ ಕೊನೆಯವರೆಗೂ ಓದಿದೆ. ಮಾದೇಶ ಬಾ ಹೋಗೋಣ ಅಂತ ಕೈ ಎಳೆಯುತ್ತಿದ್ದ. ಮುಂದೆ ಓದಲು ಏನೂ ಇರಲಿಲ್ಲ.

ನಾನು ಪಾಸಾದೆ. ತಮಿಳಿನಲ್ಲಿ ತುದಿಗೆ ನಿಂತು ಪಾಸು. ಈಗ ಫ್ಯಾಕ್ಟರಿ ಗೇಟಿನೊಳಗೆ ಇದ್ದೀನಿ. ಆ ಶರ್ಟು ಪೆಟ್ಟಿಗೆಯಲ್ಲಿದೆ. ಚೆನ್ನಾಗೈತಲ್ಲ, ಹಾಕ್ಕಳ್ಳಾ ಅಂತ ಅವ್ವ ಹೇಳುತ್ತಾಳೆ. ಹಾಕಿಕೊಳ್ಳೋದಿಲ್ಲ.

ಅಷ್ಟೇ.